ಒಂದೇ ರೆಸ್ಟೋರೆಂಟಿನ ಬಗ್ಗೆ ಎರಡು ಮಾತು: ಇಟಾಲಿಯನ್ ಊಟದ ದೂರುಗಳಲ್ಲಿ ಯಾವುದನ್ನು ನಂಬಬೇಕು?

ನೀವು ಕೇಳಿರುವುದು ಇಷ್ಟು: ಮನೆಯ ಹತ್ತಿರದ ಇಟಾಲಿಯನ್ ರೆಸ್ಟೋರೆಂಟಿಗೆ ಮೊದಲ ಸಲ ಹೋಗಬೇಕೆಂದಿದ್ದೀರಿ, ಆದರೆ ಅಲ್ಲಿ ಉಂಡು ಬಂದವರಲ್ಲಿ ಒಬ್ಬರು ‘ಪಾಸ್ತಾ ಬೆಂದೇ ಇರಲಿಲ್ಲ, ಪಿಜ್ಜಾ ಸುಟ್ಟಿತ್ತು, ರಿಸೊಟ್ಟೊ ಎಂಬ ಅನ್ನದ ಖಾದ್ಯಕ್ಕಾಗಿ ಅರ್ಧ ಗಂಟೆ ಕಾಯಿಸಿದರು’ ಎಂದು ಬರೆದಿದ್ದಾರೆ, ಇನ್ನೊಬ್ಬರು ಅದೇ ಮೂರು ಖಾದ್ಯಗಳನ್ನು ಬಾಯಿ ತುಂಬ ಹೊಗಳಿದ್ದಾರೆ, ಇವರಲ್ಲಿ ಯಾರನ್ನು ನಂಬುವುದು? ನಾನು ಅಡುಗೆ ಕಲಿತವನಲ್ಲ. ಇಂಥದ್ದೇ ಒಂದು ಚಿಕ್ಕ ರೆಸ್ಟೋರೆಂಟಿಗೆ ಹಲವು ವರ್ಷಗಳಿಂದ ಹೋಗಿಬರುತ್ತಿರುವ ಗಿರಾಕಿ, ಅಷ್ಟೆ. ಆ ಅನುಭವದ ಮೇಲೆ ಹೇಳುವುದಾದರೆ, ನೀವು ಓದಿದ ಇಬ್ಬರೂ ನಿಜವನ್ನೇ ಹೇಳಿರುವ ಸಾಧ್ಯತೆ ಹೆಚ್ಚು. ಇಟಾಲಿಯನ್ ಊಟದ ಮೇಲಿನ ದೂರುಗಳಲ್ಲಿ ಬಹುಪಾಲು ಆ ಖಾದ್ಯದ ಸ್ವಭಾವದ ಮೇಲಿನ ದೂರುಗಳಾಗಿರುತ್ತವೆ, ಅಡುಗೆಮನೆಯ ತಪ್ಪಿನ ಮೇಲಿನವು ಕೆಲವೇ. ಈ ಎರಡನ್ನು ಬೇರ್ಪಡಿಸಿ ಓದಲು ಬಂದರೆ ನಿಮ್ಮ ಗೊಂದಲ ಮುಕ್ಕಾಲು ಪಾಲು ಕಳೆಯುತ್ತದೆ.

ಬೇಯದ ಪಾಸ್ತಾದ ದೂರನ್ನು ಸ್ವತಃ ಹೇಳಿದವನು ನಾನು. ಮೊದಲ ಸಲ ಹೋದಾಗ ಸ್ಪಗೆಟಿ ತರಿಸಿಕೊಂಡು, ಒಂದು ತುತ್ತು ಅಗಿದು, ನಡುವೆ ಇನ್ನೂ ಗಟ್ಟಿಯಿದೆಯೆಂದು ತಟ್ಟೆಯನ್ನು ಹಿಂದಕ್ಕೆ ಕಳಿಸಿದ್ದೆ. ಬಡಿಸುತ್ತಿದ್ದ ಯುವಕ ಸ್ವಲ್ಪವೂ ಬೇಸರಿಸದೆ ತಟ್ಟೆಯನ್ನು ತೆಗೆದುಕೊಂಡು ಹೋದ. ಹತ್ತು ನಿಮಿಷದ ಬಳಿಕ ಹೊಸದಾಗಿ ಬೇಯಿಸಿದ, ನನ್ನ ಇಷ್ಟದಂತೆ ಮೆತ್ತಗಾದ ಪಾಸ್ತಾ ಬಂತು. ಜೊತೆಗೆ ಇನ್ನೊಂದು ಬಟ್ಟಲಿನಲ್ಲಿ ಮೊದಲಿನ ಹದದ್ದೇ ನಾಲ್ಕು ಎಳೆಗಳನ್ನೂ ತಂದಿಟ್ಟು, ಎರಡನ್ನೂ ತಿಂದು ನೋಡಿ ಎಂದ. ಮೆತ್ತಗಿನದು ಸಾಸನ್ನು ಹೀರಿಕೊಂಡು ಮುದ್ದೆಯಾಗುತ್ತಿತ್ತು, ಗಟ್ಟಿಯದರ ಮೇಲೆ ಸಾಸು ತೆಳುವಾಗಿ ಅಂಟಿ ನಿಂತಿತ್ತು. ಇಟಲಿಯಲ್ಲಿ ಒಣ ಪಾಸ್ತಾವನ್ನು ಡ್ಯೂರಮ್ ಎಂಬ ಗಡಸು ಗೋಧಿಯಿಂದಲೇ ಮಾಡಬೇಕೆಂದು 1967ರಿಂದ ಕಾನೂನೇ ಇದೆ. ಆ ಗೋಧಿಯ ಪ್ರೋಟೀನು ಬೇಯುವಾಗ ಬಲೆಯಂತೆ ಬಿಗಿದುಕೊಂಡು ಪಿಷ್ಟವನ್ನು ಒಳಗೇ ಹಿಡಿದಿಡುವುದರಿಂದ, ಹಲ್ಲಿಗೆ ತುಸು ತಡೆ ಕೊಡುವ ಹಂತದಲ್ಲಿ ಅದನ್ನು ನೀರಿನಿಂದ ತೆಗೆಯಲು ಸಾಧ್ಯವಾಗುತ್ತದೆ. ಅವರು ‘ಅಲ್ ದೆಂತೆ’ ಎನ್ನುವುದು ಈ ಹದಕ್ಕೆ. ಹಾಗೆಂದು ಈ ಮಾತು ಅಡುಗೆಯವರಿಗೆ ಎಲ್ಲ ತಪ್ಪಿನಿಂದಲೂ ಬಿಡುಗಡೆ ಕೊಡುವುದಿಲ್ಲ. ಎಳೆಯನ್ನು ಕಚ್ಚಿದಾಗ ನಡುವೆ ಹಸಿ ಹಿಟ್ಟಿನ ರುಚಿ ಬಂದು, ಪುಡಿ ಹಲ್ಲಿಗೆ ಮೆತ್ತಿಕೊಂಡರೆ ಅದು ಬೇಯದ ಪಾಸ್ತಾವೇ. ಒಂದೇ ತಟ್ಟೆಯಲ್ಲಿ ಕೆಲವು ಎಳೆ ಮೆತ್ತಗೆ, ಕೆಲವು ಗಟ್ಟಿ ಇದ್ದರೆ ಸಣ್ಣ ಪಾತ್ರೆಯಲ್ಲಿ, ಕಡಿಮೆ ನೀರಿನಲ್ಲಿ, ಕಲಕದೆ ಬೇಯಿಸಿದ್ದಾರೆಂದು ತಿಳಿಯಬಹುದು. ಹಿಟ್ಟಿಗೆ ಮೊಟ್ಟೆ ಹಾಕಿ ಆಗಷ್ಟೇ ಲಟ್ಟಿಸಿದ ತಾಜಾ ಪಾಸ್ತಾಕ್ಕೆ ಈ ಗಡಸುತನದ ಅಳತೆಗೋಲು ಅನ್ವಯಿಸುವುದಿಲ್ಲ, ಅದು ಮೃದುವಾಗಿಯೇ ಇರತಕ್ಕದ್ದು.

ಪಿಜ್ಜಾದ ವಿಷಯದಲ್ಲಿ ಮೊದಲು ಕೇಳಬೇಕಾದದ್ದು ಅಲ್ಲಿ ಮಾಡುವುದು ಯಾವ ಬಗೆಯ ಪಿಜ್ಜಾ ಎಂಬುದನ್ನು. ನೇಪಲ್ಸ್ ಶೈಲಿಯದಾದರೆ, ಆ ನಗರದಲ್ಲಿ 1984ರಲ್ಲಿ ಹುಟ್ಟಿದ ಪಿಜ್ಜಾ ತಯಾರಕರ ಸಂಘದ ನಿಯಮದಂತೆ ಅದು ತುಂಬ ಕಾದ ಒಲೆಯಲ್ಲಿ 60ರಿಂದ 90 ಸೆಕೆಂಡುಗಳಲ್ಲಿ ಬೆಂದು ಹೊರಬರಬೇಕು; ಒಲೆಯ ಕಮಾನಿನ ಶಾಖ ಸುಮಾರು 485 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಅಷ್ಟು ಉರಿಯಲ್ಲಿ ಅಂಚು ಉಬ್ಬಿ ಅಲ್ಲಲ್ಲಿ ಕಪ್ಪು ಚುಕ್ಕೆ ಬೀಳುವುದು ಸಹಜ, ಅಷ್ಟು ಕಡಿಮೆ ಸಮಯದಲ್ಲಿ ನಡುಭಾಗ ಗರಿಗರಿಯಾಗದೆ ತೇವವಾಗಿ ಬಳುಕುವುದೂ ಸಹಜ. ತುಂಡನ್ನು ಎತ್ತಿದರೆ ತುದಿ ಜೋತುಬೀಳುತ್ತದೆಂದು ದೂರಿದವರು ಪಿಜ್ಜಾವನ್ನು ಸರಿಯಾಗಿಯೇ ವರ್ಣಿಸಿದ್ದಾರೆ, ತೀರ್ಪನ್ನು ಮಾತ್ರ ತಪ್ಪಾಗಿ ಕೊಟ್ಟಿದ್ದಾರೆ. ರೋಮ್ ನಗರದ ಬಗೆ ಹಾಗಲ್ಲ. ಅಲ್ಲಿಯದು ತೆಳ್ಳಗೆ, ಗರಿಗರಿಯಾಗಿ, ಕಚ್ಚಿದರೆ ಸದ್ದು ಮಾಡುವಂತಿರುತ್ತದೆ. ನಿಜವಾದ ತಪ್ಪನ್ನು ಕಾಣಬೇಕಾದರೆ ಪಿಜ್ಜಾವನ್ನು ಮಗುಚಿ ತಳವನ್ನು ನೋಡಬೇಕು. ತಳದಲ್ಲಿ ಚುಕ್ಕೆಗಳ ಬದಲು ಕಪ್ಪು ಪದರವೇ ಕಟ್ಟಿದ್ದು ಬಾಯಿಗೆ ಕಹಿಯಾದರೆ, ಒಲೆಯ ನೆಲದ ಮೇಲೆ ಉಳಿದ ಹಳೆಯ ಹಿಟ್ಟು ಸುಟ್ಟು ಅಂಟಿಕೊಂಡಿರುವ ಸಂಭವ ಹೆಚ್ಚು. ಅದು ಶೈಲಿಯಲ್ಲ, ಅಲಕ್ಷ್ಯ.

ರಿಸೊಟ್ಟೊಗೆ ಕಾಯಬೇಕಾದದ್ದೇ. ಹಸಿ ಅಕ್ಕಿಯಿಂದ ಶುರುಮಾಡಿ, ಬಿಸಿ ಸಾರನ್ನು ಸೌಟು ಸೌಟಾಗಿ ಹಾಕುತ್ತ, ಕೈಯಾಡಿಸುತ್ತ ಬೇಯಿಸಲು ಹದಿನೆಂಟು ನಿಮಿಷದ ಆಸುಪಾಸು ಬೇಕು. ಅದಕ್ಕೆ ನಿಮಗಿಂತ ಮೊದಲು ಹೇಳಿದ ಟೇಬಲಿನ ಸರದಿಯನ್ನೂ ಸೇರಿಸಿದರೆ ಅರ್ಧ ಗಂಟೆ ಏನೂ ಹೆಚ್ಚಲ್ಲ. ಐದೇ ನಿಮಿಷದಲ್ಲಿ ಬಂದರೆ ಅನುಮಾನಪಡಿ, ಅರ್ಧ ಬೇಯಿಸಿಟ್ಟ ಅಕ್ಕಿಯನ್ನು ಬಿಸಿಮಾಡಿ ಕೊಟ್ಟಿರುತ್ತಾರೆ.

ಕಾರ್ಬೊನಾರಾ ಎಂಬ ಪಾಸ್ತಾ ಖಾದ್ಯದ ಜಗಳ ಇವೆಲ್ಲಕ್ಕಿಂತ ಸ್ವಾರಸ್ಯಕರ, ಏಕೆಂದರೆ ಅಲ್ಲಿ ಎರಡು ದಿಕ್ಕಿನಿಂದಲೂ ದೂರು ಬರುತ್ತದೆ. ರೋಮಿನ ಕ್ರಮದಲ್ಲಿ ಅದಕ್ಕೆ ಕ್ರೀಮ್ ಹಾಕುವುದಿಲ್ಲ. ಮೊಟ್ಟೆ, ಪೆಕೊರಿನೊ ಎಂಬ ಕುರಿಹಾಲಿನ ಚೀಸ್, ಉಪ್ಪು ಹಚ್ಚಿ ಒಣಗಿಸಿದ ಹಂದಿಯ ಕೆನ್ನೆಯ ಮಾಂಸ, ಕರಿಮೆಣಸು ಇಷ್ಟೇ ಸೇರಿ, ಪಾಸ್ತಾ ಬೆಂದ ನೀರಿನ ಸಹಾಯದಿಂದ ಸಾಸಾಗುತ್ತವೆ. ಕ್ರೀಮಿನ ಕಾರ್ಬೊನಾರಾಕ್ಕೆ ಒಗ್ಗಿದವರು ಇದನ್ನು ತಿಂದು ‘ಸಾಸೇ ಇರಲಿಲ್ಲ’ ಎನ್ನುತ್ತಾರೆ. ಕ್ರೀಮ್ ಹಾಕಿ ಕೊಟ್ಟಲ್ಲಿ ಬಲ್ಲವರು ‘ಇದು ಕಾರ್ಬೊನಾರಾವೇ ಅಲ್ಲ’ ಎಂದು ಏಳುತ್ತಾರೆ. ಕ್ರೀಮ್ ಹಾಕಿದ್ದನ್ನು ನಾನು ಅಪರಾಧವೆಂದು ಎಣಿಸುವುದಿಲ್ಲ, ಆದರೆ ಅದನ್ನು ಮೆನುವಿನಲ್ಲಿ ಹೇಳದಿರುವುದನ್ನು ತಪ್ಪೆಂದೇ ಎಣಿಸುತ್ತೇನೆ. ಬೊಲೊಗ್ನೀಸ್ ಕಥೆಯೂ ಇದೇ ತೆರನದು. ಬೊಲೊನ್ಯಾ ನಗರದವರು ತಮ್ಮ ಮಾಂಸದ ಸಾಸನ್ನು, ಅಂದರೆ ‘ರಾಗು’ವನ್ನು, ತಾಲ್ಯಾತೆಲ್ಲೆ ಎಂಬ ಅಗಲ ಎಳೆಯ ಪಾಸ್ತಾದೊಂದಿಗೆ ಉಣ್ಣುತ್ತಾರೆ. 1972ರಲ್ಲಿ ಆ ಎಳೆಯ ಅಗಲವನ್ನೂ (ಬೆಂದ ಮೇಲೆ 8 ಮಿಲಿಮೀಟರ್), 1982ರಲ್ಲಿ ರಾಗುವಿನ ಪಾಕವನ್ನೂ ಅಲ್ಲಿಯ ವಾಣಿಜ್ಯ ಮಂಡಳಿಯಲ್ಲಿ ದಾಖಲಿಸಲಾಗಿದೆ. ಊಟದ ವಿಷಯದಲ್ಲಿ ಇಷ್ಟು ಹಟ ಹಿಡಿಯುವವರನ್ನು ಕಂಡರೆ ನನಗೆ ನಗುವೂ ಬರುತ್ತದೆ, ಗೌರವವೂ ಮೂಡುತ್ತದೆ. ನಿಮ್ಮ ಹತ್ತಿರದ ರೆಸ್ಟೋರೆಂಟಿನ ಮೆನುವಿನಲ್ಲಿ ಸ್ಪಗೆಟಿ ಬೊಲೊಗ್ನೀಸ್ ಇದ್ದರೆ ಗಾಬರಿಯಾಗಬೇಕಿಲ್ಲ. ಗಿರಾಕಿಗಳು ಕೇಳುತ್ತಾರೆ, ಅವರು ಮಾಡುತ್ತಾರೆ.

ಇನ್ನು, ಯಾವ ಸಂಪ್ರದಾಯದ ಹೆಸರಿನಲ್ಲೂ ಸಮರ್ಥಿಸಲಾಗದ ಕೊರತೆಗಳಿವೆ. ನಾನು ನೆಚ್ಚಿಕೊಂಡಿದ್ದ ರೆಸ್ಟೋರೆಂಟಿನಲ್ಲೇ ಒಂದು ಶನಿವಾರ ರಾತ್ರಿ ಇಪ್ಪತ್ತು ಜನರ ಗುಂಪೊಂದು ಬಂದು ಕೂತಿತ್ತು, ನಾವು ನಾಲ್ವರು ಅವರ ಪಕ್ಕದ ಟೇಬಲಿನಲ್ಲಿದ್ದೆವು. ಇಬ್ಬರ ಊಟ ಬಂದು ಮುಗಿದ ಮೇಲೂ ಉಳಿದಿಬ್ಬರ ತಟ್ಟೆಗಳ ಸುಳಿವಿರಲಿಲ್ಲ. ಕೇಳಿದಾಗಲೆಲ್ಲ ‘ಎರಡೇ ನಿಮಿಷ’ ಎಂಬ ಉತ್ತರ. ಕೊನೆಗೆ ಬಂದ ಚಿಪ್ಪುಮೀನಿನ ಪಾಸ್ತಾದಲ್ಲಿ ಬಾಯಿ ತೆರೆಯದ ಚಿಪ್ಪುಗಳು ಹಾಗೆಯೇ ಉಳಿದಿದ್ದವು, ಸ್ಕ್ವಿಡ್ ತುಂಡುಗಳು ರಬ್ಬರಿನಂತಾಗಿದ್ದವು. ಬಿಲ್ಲಿನಲ್ಲಿ ನಾವು ಕೇಳದ ಬ್ರೆಡ್ಡೂ ಇತ್ತು. ನನಗೆ ಬೇಸರವಾದದ್ದು ಊಟ ಕೆಟ್ಟದ್ದಕ್ಕಿಂತ ಆ ‘ಎರಡೇ ನಿಮಿಷ’ದಿಂದ. ಅಡುಗೆಮನೆಯಲ್ಲಿ ಒತ್ತಡವಿದೆ, ಇನ್ನೂ ಅರ್ಧ ಗಂಟೆ ಆಗಬಹುದು ಎಂದು ಒಬ್ಬರಾದರೂ ಹೇಳಿದ್ದರೆ ನಾವು ಹಂಚಿಕೊಂಡು ಉಣ್ಣುತ್ತಿದ್ದೆವು. ಮರುದಿನ ಇದನ್ನು ಅವರಿಗೆ ಬರೆದು ತಿಳಿಸಿದೆ. ಕ್ಷಮೆ ಕೇಳಿ, ಬ್ರೆಡ್ಡಿನ ಹಣ ಹಿಂತಿರುಗಿಸಿ, ದೊಡ್ಡ ಗುಂಪುಗಳಿಗೆ ಇನ್ನು ಮುಂದೆ ಮೊದಲೇ ಆಯ್ದ ಖಾದ್ಯಗಳನ್ನಷ್ಟೇ ಕೊಡುತ್ತೇವೆಂದು ಉತ್ತರಿಸಿದರು, ಹಾಗೆಯೇ ನಡೆದುಕೊಂಡರು ಕೂಡ. ನಾನು ಅಲ್ಲಿಗೆ ಈಗಲೂ ಹೋಗುವುದಕ್ಕೆ ಆ ಉತ್ತರವೇ ಕಾರಣ.

ಬಿಲ್ಲಿನ ಬ್ರೆಡ್ಡಿನ ಬಗ್ಗೆ ಒಂದು ಮಾತು ಸೇರಿಸಬೇಕು. ಇಟಲಿಯ ಹಲವು ಊಟದ ಮನೆಗಳಲ್ಲಿ ‘ಕೊಪೆರ್ತೊ’ ಎಂದು ತಲೆಗಿಷ್ಟರಂತೆ ಟೇಬಲಿನ ಶುಲ್ಕ ಹಾಕುವ ವಾಡಿಕೆಯಿದೆ, ಬ್ರೆಡ್ ಅದರಲ್ಲೇ ಸೇರಿರುವುದುಂಟು. ಬೇರೆ ದೇಶದ ರೆಸ್ಟೋರೆಂಟೊಂದು ಇದನ್ನು ಅನುಸರಿಸುವುದಾದರೆ ಮೆನುವಿನಲ್ಲಿ ಕಣ್ಣಿಗೆ ಕಾಣುವಂತೆ ಬರೆದಿರಬೇಕು. ಬರೆಯದೆ ಹಾಕಿದ್ದರೆ ಬಿಲ್ಲಿನ ಹಣ ಕೊಡುವ ಮುನ್ನ ವಿನಯದಿಂದ ಕೇಳಿ ತೆಗೆಸಿ, ಸಂಕೋಚ ಬೇಡ.

ಆದ್ದರಿಂದ ಅಭಿಪ್ರಾಯಗಳನ್ನು ಓದುವಾಗ ನಾನು ವಿಶೇಷಣಗಳನ್ನು ಬಿಟ್ಟು ವಿವರಗಳನ್ನು ಹುಡುಕುತ್ತೇನೆ. ‘ಅದ್ಭುತ’ ಎಂದವರಿಂದಲೂ ‘ದರಿದ್ರ’ ಎಂದವರಿಂದಲೂ ನನಗೆ ತಿಳಿಯುವುದು ಏನೂ ಇಲ್ಲ. ‘ಎರಡು ತಟ್ಟೆಗಳ ನಡುವೆ ಮುಕ್ಕಾಲು ಗಂಟೆ ಅಂತರವಿತ್ತು’ ಎಂದವರಿಂದ, ‘ನಟ್ಸ್ ಅಲರ್ಜಿ ಇದೆ ಎಂದು ಹೇಳಿದಾಗ ಅಡುಗೆಯವರನ್ನೇ ಕೇಳಿ ಬಂದು ಉತ್ತರಿಸಿದರು’ ಎಂದವರಿಂದ ಬಹಳ ತಿಳಿಯುತ್ತದೆ. ಈ ಎರಡನೆಯದಕ್ಕೆ ಹೆಚ್ಚು ಬೆಲೆ ಕೊಡಿ, ಏಕೆಂದರೆ ಪೆಸ್ತೊ ಎಂಬ ಹಸಿರು ಸಾಸಿನಲ್ಲಿ ಪೈನ್ ಬೀಜಗಳಿರುತ್ತವೆ, ಕೆಲವರು ಅದರ ಬದಲು ಗೋಡಂಬಿ ಹಾಕುತ್ತಾರೆ, ತಿರಮಿಸು ಎಂಬ ಸಿಹಿಯಲ್ಲಿ ಸಾಮಾನ್ಯವಾಗಿ ಹಸಿ ಮೊಟ್ಟೆಯಿರುತ್ತದೆ. ಸಸ್ಯಾಹಾರಿಗಳಿಗೆ ಇನ್ನೊಂದು ಎಚ್ಚರಿಕೆ: ಪಾರ್ಮಿಜಾನೊ ಚೀಸನ್ನು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಬಳಸಿಯೇ ಹೆಪ್ಪುಗಟ್ಟಿಸುತ್ತಾರೆ, ತರಕಾರಿಯ ರಿಸೊಟ್ಟೊವನ್ನು ಕೋಳಿಯ ಸಾರಿನಲ್ಲಿ ಬೇಯಿಸಿರುವುದೂ ಉಂಟು. ಮೆನುವಿನ ಮೇಲಿನ ಹಸಿರು ಎಲೆಯ ಚಿತ್ರವನ್ನಷ್ಟೇ ನಂಬದೆ ಕೇಳಿ ತಿಳಿದುಕೊಳ್ಳಿ.

ನೀವು ಮೊದಲ ಸಲ ಹೋಗುವಾಗ ವಾರದ ನಡುವಿನ ಒಂದು ಸಂಜೆಯನ್ನು ಆರಿಸಿಕೊಂಡು, ಸಾಸು ಹೆಚ್ಚಿಲ್ಲದ, ಬಚ್ಚಿಡಲು ಜಾಗವಿಲ್ಲದ ಒಂದು ಖಾದ್ಯವನ್ನು ತರಿಸಿ: ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿಯ ಸ್ಪಗೆಟಿ, ಇಲ್ಲವೇ ಟೊಮೆಟೊ, ಮೊಜರೆಲ್ಲಾ, ತುಳಸಿಯ ಜಾತಿಯ ಬೇಸಿಲ್ ಎಲೆ ಇಷ್ಟೇ ಇರುವ ಮಾರ್ಗರಿಟಾ ಪಿಜ್ಜಾ. ಬೆಳ್ಳುಳ್ಳಿ ಕಂದಾಗಿ ಕಹಿಯಾಗಿದೆಯೇ, ಎಣ್ಣೆ ತಟ್ಟೆಯ ತಳದಲ್ಲಿ ಬೇರೆಯಾಗಿ ನಿಂತಿದೆಯೇ ಅಥವಾ ಪಾಸ್ತಾ ಬೆಂದ ನೀರಿನೊಡನೆ ಬೆರೆತು ಎಳೆಗಳಿಗೆ ಹತ್ತಿದೆಯೇ ಎಂದು ನೋಡಿ. ಅದು ಚೆನ್ನಾಗಿದ್ದರೆ ಮುಂದಿನ ಸಲ ರಿಸೊಟ್ಟೊ ಹೇಳಿ, ಅಷ್ಟು ಹೊತ್ತು ಮಾತಾಡಲು ಜೊತೆಗೆ ಒಬ್ಬರನ್ನು ಕರೆದುಕೊಂಡು ಹೋಗಿ.