ಕವಿಗಳನ್ನು ಫ್ಯಾಂಟಸಿ ಕಾದಂಬರಿಗೆ ತರುವಾಗ ಯಾರಿಗೆ ಯಾವ ಶಕ್ತಿ ಕೊಡಬೇಕು?

ಪಂಪ, ರವೀಂದ್ರನಾಥ ಟಾಗೋರ್, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿ, ಈ ಮೂವರನ್ನೂ ಒಂದೇ ಫ್ಯಾಂಟಸಿ ಕಾದಂಬರಿಯ ಪಾತ್ರಗಳನ್ನಾಗಿ ಮಾಡುತ್ತಿದ್ದೀರಿ; ಯಾರಿಗೆ ಯಾವ ಮಾಂತ್ರಿಕ ಶಕ್ತಿ ಕೊಡಬೇಕು, ಓದುಗರು ಇದನ್ನು ಅಪಚಾರವೆಂದು ಭಾವಿಸುವರೇ ಎಂದು ಕೇಳಿದ್ದೀರಿ. ನಾನು ಕಾರವಾರದವನು. ಈ ಮೂವರಲ್ಲಿ ಇಬ್ಬರು ಕವಿಗಳನ್ನು ಇಟ್ಟುಕೊಂಡು ನಾನೂ ಒಂದು ಕಾದಂಬರಿ ಬರೆದೆ. ಅದು ಒಂದು ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಆರಂಭವಾಗಿ, ಕೆಲವು ಕಂತುಗಳ ನಂತರ ನಿಂತುಹೋಯಿತು. ಅದೇಕೆ ನಿಂತಿತು ಎಂಬುದನ್ನು ವಿವರವಾಗಿಯೇ ಹೇಳುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆಯಲ್ಲೂ ಅದೇ ತಪ್ಪಿನ ಮೊಳಕೆ ನನಗೆ ಕಾಣುತ್ತಿದೆ.

ನನ್ನ ಕಥೆಯಲ್ಲಿ ಟಾಗೋರರು ಕಾರವಾರದ ಕಡಲ ದಂಡೆಗೆ ಬಂದಿಳಿಯುವಾಗಲೇ ಬಿಳಿಗಡ್ಡದ ಗುರುದೇವರಾಗಿದ್ದರು. ಅವರು ಆಡಿದ ಮಾತೆಲ್ಲ ಸುಭಾಷಿತವಾಗಿತ್ತು, ಅವರು ಕೈಯೆತ್ತಿದರೆ ಅಲೆಗಳು ನಿಲ್ಲುತ್ತಿದ್ದವು, ಎದುರಾಳಿಯ ಮನಸ್ಸು ಅವರಿಗೆ ಮೊದಲೇ ತಿಳಿದಿರುತ್ತಿತ್ತು. ನಾನು ಅದನ್ನು ಗೌರವವೆಂದು ತಿಳಿದಿದ್ದೆ. ಆದರೆ ಎಲ್ಲವನ್ನೂ ತಿಳಿದವನಿಗೆ ಕಥೆಯಲ್ಲಿ ಮಾಡಲು ಕೆಲಸವೇ ಉಳಿಯುವುದಿಲ್ಲ. ಪ್ರತಿ ಕಂತಿಗೂ ಹೊಸ ರಾಕ್ಷಸನನ್ನು ತಂದೆ, ಪ್ರತಿ ಕಂತಿನಲ್ಲೂ ಗುರುದೇವರು ಒಂದು ಪದ್ಯ ಹೇಳಿ ಅವನನ್ನು ಅಡಗಿಸಿದರು. ಮುಂದೇನಾಗುವುದೋ ಎಂದು ಓದುಗರು ಕೇಳುವುದನ್ನೇ ಬಿಟ್ಟಿದ್ದಾರೆ ಎಂದು ಸಂಪಾದಕರು ಬರೆದ ಪತ್ರ ಬಂದಾಗ, ನನ್ನ ಬಳಿ ಅದಕ್ಕೆ ಉತ್ತರವಿರಲಿಲ್ಲ.

ಕಾರವಾರಕ್ಕೆ ನಿಜವಾಗಿ ಬಂದ ರವೀಂದ್ರರು ಯಾರು ಎಂಬುದನ್ನು ನಾನು ಆಮೇಲೆ ಮನಸ್ಸಿಟ್ಟು ಓದಿದೆ. ಅವರು 1861ರಲ್ಲಿ ಹುಟ್ಟಿದವರು. ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಾಗ ಅವರಿಗೆ ಸುಮಾರು ಇಪ್ಪತ್ತೆರಡು ವರ್ಷ, ಇನ್ನೂ ಮದುವೆಯಾಗಿರಲಿಲ್ಲ. ನೊಬೆಲ್ ಬಂದದ್ದು 1913ರಲ್ಲಿ, ಅಂದರೆ ಮೂವತ್ತು ವರ್ಷಗಳ ಬಳಿಕ. ಒಂದು ಬೆಳದಿಂಗಳ ರಾತ್ರಿ ಕಾಳಿ ನದಿಯಲ್ಲಿ ದೋಣಿಯೇರಿ ಹೋಗಿ, ಶಿವಾಜಿಯ ಹಳೆಯ ಬೆಟ್ಟದ ಕೋಟೆಯೊಂದನ್ನು ಕಂಡು, ಹಿಂದಿರುಗುವಾಗ ಪ್ರವಾಹಕ್ಕೆ ದೋಣಿಯನ್ನು ಬಿಟ್ಟುಕೊಟ್ಟು, ಅಳಿವೆಯಲ್ಲಿ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದ್ದನ್ನು ಅವರು ತಮ್ಮ ನೆನಪುಗಳಲ್ಲಿ ಬರೆದಿದ್ದಾರೆ. 'ಪ್ರಕೃತಿರ್ ಪ್ರತಿಶೋಧ್' ನಾಟಕವನ್ನು ಬರೆದದ್ದೂ ಇಲ್ಲಿಯೇ. ಎಲ್ಲ ಮಮತೆಯನ್ನೂ ಕಡಿದುಕೊಂಡು ಪ್ರಕೃತಿಯನ್ನು ಗೆಲ್ಲಲು ಹೊರಟ ಸಂನ್ಯಾಸಿಯೊಬ್ಬನನ್ನು ಪುಟ್ಟ ಹುಡುಗಿಯೊಬ್ಬಳ ಪ್ರೀತಿ ಮತ್ತೆ ಲೋಕಕ್ಕೆ ಎಳೆದು ತರುವ ಕಥೆ ಅದು. ಈ ತರುಣನ ಮುಂದೆ, ಅವನು ಇನ್ನೂ ಬರೆಯದ ಆ ಸಂನ್ಯಾಸಿ ಅಳಿವೆಯ ನೀರಿನಿಂದ ಎದ್ದು ಬಂದು, ಆ ಹುಡುಗಿಯನ್ನು ನಾಟಕಕ್ಕೆ ತರಬೇಡವೆಂದು ಬೇಡಿಕೊಂಡರೆ ಏನಾಗುತ್ತಿತ್ತೆಂದು ಯೋಚಿಸಿ. ಅದೇ ಒಂದು ಇಡೀ ಕಾದಂಬರಿಯಾಗುತ್ತಿತ್ತು. ನನ್ನ ಕಣ್ಣೆದುರೇ ಇದ್ದ ಆ ಕಥೆಯನ್ನು ಬಿಳಿಗಡ್ಡದಿಂದ ಮುಚ್ಚಿಬಿಟ್ಟೆ. ನಿಮ್ಮ ಪಾತ್ರಕ್ಕೆ ತಾನು ಮಹಾಕವಿಯೆಂಬುದು ಗೊತ್ತಿರಲೇಬಾರದು.

ಆದ್ದರಿಂದ ಯಾರಿಗೆ ಯಾವ ಶಕ್ತಿ ಎಂಬ ಪ್ರಶ್ನೆಯೇ ಸರಿಯಿಲ್ಲವೆಂದು ನನ್ನ ಅಭಿಪ್ರಾಯ. ಆ ಕವಿ ಏನನ್ನು ಬಯಸಿ ಪಡೆಯಲಾರದೆ ಹೋದ ಎಂದು ಕೇಳಿಕೊಳ್ಳಿ. ಪಂಪ ವೇಮುಲವಾಡದ ದೊರೆ ಅರಿಕೇಸರಿಯ ಆಶ್ರಯದಲ್ಲಿದ್ದು ಬರೆದವನು. ಆದರೆ ಮರಿದುಂಬಿಯಾಗಿಯೋ ಕೋಗಿಲೆಯಾಗಿಯೋ ಬನವಾಸಿಯಲ್ಲಿ ಹುಟ್ಟಬೇಕೆಂದು ಹಂಬಲಿಸಿದ. ತೆಂಕಣ ಗಾಳಿ ಸೋಂಕಿದರೂ, ಯಾರು ಅಂಕುಶವಿಟ್ಟರೂ ತನ್ನ ಮನಸ್ಸು ನೆನೆಯುವುದು ಬನವಾಸಿಯನ್ನೇ ಎಂದ. ಅವನು ಯೋಧನೂ ಹೌದು. ರಣರಂಗದ ನಡುವೆ ತೆಂಕಣ ಗಾಳಿ ಬೀಸಿದೊಡನೆ ಅವನ ಕತ್ತಿ ಕೈಯಿಂದ ಜಾರುವಂತೆ ಬರೆಯಿರಿ. ಅದೇ ಗಾಳಿ ಅವನನ್ನು ಒಂದು ಕ್ಷಣ ದುಂಬಿಯಾಗಿಸಿ ವರದಾ ನದಿಯ ದಡಕ್ಕೆ ಹಾರಿಸಲಿ. ಬಲವೂ ದೌರ್ಬಲ್ಯವೂ ಒಂದೇ ಪದ್ಯದಿಂದ ಹುಟ್ಟಿದಾಗ ಓದುಗ ನಂಬುತ್ತಾನೆ. ಬೆಂಕಿಯುಂಡೆ ಎಸೆಯುವ ಪಂಪನಿಗೆ ಬೇರೆ ಯಾವ ಹೆಸರಿಟ್ಟರೂ ನಡೆಯುತ್ತದೆ, ಹಾಗಿರುವಾಗ ಪಂಪನೇ ಏಕೆ?

ಅಪಚಾರದ ಭಯವನ್ನು ಬಿಡಿ. ವ್ಯಾಸರು ಮಹಾಭಾರತದೊಳಗೆ ಪಾತ್ರವಾಗಿದ್ದಾರೆ, ವಾಲ್ಮೀಕಿಯ ಆಶ್ರಮದಲ್ಲೇ ಲವಕುಶರು ಬೆಳೆದರು. ದಾಂತೆ ತನಗಿಂತ ಹಿಂದಿನ ಕವಿ ವರ್ಜಿಲನನ್ನೇ ನರಕದ ದಾರಿ ತೋರಿಸಲು ಕರೆದುಕೊಂಡ. ಪಂಪನೇ ತನ್ನ ಕಾಲದ ರಾಜನನ್ನು ಅರ್ಜುನನೊಂದಿಗೆ ಬೆಸೆದ. ಅದಕ್ಕಾಗಿ ದ್ರೌಪದಿಯನ್ನು ಅರ್ಜುನನೊಬ್ಬನ ಮಡದಿಯಾಗಿಸಿ, ಕೊನೆಯ ಪಟ್ಟಾಭಿಷೇಕವನ್ನೂ ಅವನಿಗೇ ಕಟ್ಟಿದ. ಹಾಗೆ ಮಾಡಿದವನ ಕಥೆಯನ್ನು ಬರೆಯಲು ನಾವು ಹೆದರಬೇಕಾಗಿಲ್ಲ. ನಮ್ಮ ಶಿರಸಿ, ಹೊನ್ನಾವರದ ಕಡೆಯ ತಾಳಮದ್ದಳೆಯನ್ನು ಕೇಳಿದ್ದೀರಾದರೆ ಇದು ನಿಮಗೆ ಹೊಸದಲ್ಲ: ಪಾತ್ರದ ಮಾತನ್ನಾಡುವ ಅರ್ಥಧಾರಿ ಪ್ರಸಂಗದ ಪದ್ಯವನ್ನು ಬದಲಿಸುವುದಿಲ್ಲ, ಆದರೆ ಕರ್ಣನ ಮನಸ್ಸಿನಲ್ಲಿ ಏನಿತ್ತೆಂದು ರಾತ್ರಿಯಿಡೀ ತನ್ನದೇ ಮಾತಿನಲ್ಲಿ ವಾದಿಸುತ್ತಾನೆ. ಕವಿಯ ಬದುಕಿನ ದಾಖಲೆಯನ್ನು ಪದ್ಯದಂತೆ ಕಾಯ್ದುಕೊಂಡು, ಅದರ ನಡುವಿನ ಮೌನದಲ್ಲಿ ನಿಮ್ಮ ಮಾಂತ್ರಿಕತೆಯನ್ನು ಬೆಳೆಸಿ.

ಚೆನ್ನಭೈರಾದೇವಿಯ ವಿಷಯ ಬೇರೆ. ಪೋರ್ಚುಗೀಸರು ಕಾಳುಮೆಣಸಿನ ರಾಣಿಯೆಂದು ಕರೆದ ಆ ಹೆಣ್ಣುಮಗಳು ಕಾವ್ಯ ಬರೆದಿಟ್ಟು ಹೋದವಳಲ್ಲ. ಜನರ ಬಾಯಲ್ಲಿ ಅವಳ ಕಥೆ ಈಗಾಗಲೇ ನೂರು ಬಗೆಯಾಗಿದೆ. ಅವಳೊಂದಿಗೆ ಹೆಚ್ಚು ಸ್ವಾತಂತ್ರ್ಯ ವಹಿಸಬಹುದು.

ಮುಂದಿನ ಭಾಗದಲ್ಲಿ ಅಂಕೋಲೆಯ ದಿನಕರ ದೇಸಾಯಿಯವರನ್ನು ತಂದು, ಚುಟುಕಗಳನ್ನೇ ಮಂತ್ರವಾಗಿಸುವ ಆಲೋಚನೆಯಿದೆ ಎಂದಿದ್ದೀರಿ. ಭಾರತದಲ್ಲಿ ಕೃತಿಸ್ವಾಮ್ಯ ಲೇಖಕರು ತೀರಿಕೊಂಡ ನಂತರ 60 ವರ್ಷ ಉಳಿಯುತ್ತದೆ. 1941ರಲ್ಲಿ ತೀರಿಕೊಂಡ ಟಾಗೋರರ ಮೂಲ ಸಾಲುಗಳನ್ನು ಈಗ ಯಾರು ಬೇಕಾದರೂ ಬಳಸಬಹುದು. ದೇಸಾಯಿಯವರು ತೀರಿಕೊಂಡದ್ದು 1982ರಲ್ಲಿ, ಹಾಗಾಗಿ 2042ರ ಕೊನೆಯವರೆಗೆ ಅವರ ಚುಟುಕಗಳನ್ನು ಇಡಿಯಾಗಿ ಅಚ್ಚು ಹಾಕಲು ಹಕ್ಕುದಾರರ ಅನುಮತಿ ಬೇಕು. ಅನುಮತಿ ಕೇಳಿ, ಪತ್ರ ಬರೆಯಿರಿ. ಅದು ಬರುವವರೆಗೆ ಟಾಗೋರರ ಮೊದಲ ಅಧ್ಯಾಯವನ್ನು ಕಾಲದಲ್ಲಿ ಹಿಂದಕ್ಕೆ ಸರಿಸಿ, ಆ ಇಪ್ಪತ್ತೆರಡರ ತರುಣನಿಂದಲೇ ಬರೆಯಲು ಆರಂಭಿಸಿ.