ತತ್ವ ಹಿಡಿದರೆ ಕೆಲಸ ಆಗಲ್ವಾ?

ಪ್ರಶ್ನೆ: ರಾಜಕೀಯದಲ್ಲಿ ತತ್ವ ಹಿಡಿದು ಕೂತರೆ ಕೆಲಸ ಆಗಲ್ಲ, ಹೊಂದಾಣಿಕೆ ಬೇಕೇ ಬೇಕು ಅಂತಾರೆ. ನಿಜವೇ?

ಉತ್ತರ: ಬೇಕು. ಆದರೆ ಯಾವುದಕ್ಕಾಗಿ ಅನ್ನೋದು ಮುಖ್ಯ. ಅಂತರ್ಯುದ್ಧದ ಕಾಲದಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಅಬ್ರಹಾಂ ಲಿಂಕನ್ ಅವರನ್ನೇ ನೋಡಿ. 1863ರ ಜನವರಿ 1ರ ಘೋಷಣೆಯಲ್ಲಿ ಅವರು ಬಿಡುಗಡೆ ಮಾಡಿದ್ದು ದೇಶದಿಂದ ಬೇರೆಯಾಗಲು ಬಂಡೆದ್ದ ದಕ್ಷಿಣದ ರಾಜ್ಯಗಳ ಗುಲಾಮರನ್ನು ಮಾತ್ರ. ಕೆಂಟಕಿ, ಮಿಸೌರಿಯಂಥ ಗಡಿ ರಾಜ್ಯಗಳಲ್ಲೂ ಗುಲಾಮಗಿರಿ ಇತ್ತು, ಆದರೆ ಅವು ತಮ್ಮ ಕಡೆಗಿದ್ದವು, ಕೆಣಕಿದರೆ ಯುದ್ಧವೇ ಕೈತಪ್ಪೀತು ಅನ್ನೋ ಭಯ ಅವರಿಗಿತ್ತು. ಅಲ್ಲಿನ ಗುಲಾಮರಿಗೆ ಅದು ಅನ್ಯಾಯವೇ, ಅಲ್ವಾ? ನನಗೆ ಈಗಲೂ ಚುಚ್ಚುತ್ತದೆ. ಆದರೆ ಅವರು ಅಲ್ಲಿಗೇ ಸುಮ್ನಾಗಲಿಲ್ಲ. 1865ರ ಜನವರಿಯಲ್ಲಿ, ವಿರೋಧ ಪಕ್ಷದವರ ಮತವನ್ನೂ ಕೂಡಿಸಿಕೊಂಡು, ಗುಲಾಮಗಿರಿಯನ್ನೇ ಅಳಿಸುವ ಸಂವಿಧಾನದ 13ನೇ ತಿದ್ದುಪಡಿಗೆ ಕಾಂಗ್ರೆಸ್ಸಿನ, ಅಂದರೆ ಅಲ್ಲಿನ ಸಂಸತ್ತಿನ, ಒಪ್ಪಿಗೆ ಪಡೆದರು. ಕುರ್ಚಿಗಾಗಿ ಮಾತು ಬದಲಿಸಿದವರು ಹೊಂದಾಣಿಕೆ ಅಂದಾಗ, ಬಾಕಿ ಉಳಿದದ್ದನ್ನು ಯಾವಾಗ ಮಾಡುತ್ತೀರಿ ಅಂತ ಕೇಳಿ.