ಕೈತೋಟದ ಮಾತು: ಕೊತ್ತಂಬರಿ ಹುಟ್ಟುತ್ತಿಲ್ಲ, ಮೆಣಸಿನ ಎಲೆ ಮುದುಡುತ್ತಿದೆ

ಪ್ರಶ್ನೆ: ಮೂರು ಸಲ ಕೊತ್ತಂಬರಿ ಬೀಜ ಹಾಕಿದೆ. ಅಡುಗೆಮನೆ ಡಬ್ಬಿಯದೇ ಬೀಜ. ಅಲ್ಲೊಂದು ಇಲ್ಲೊಂದು ಬಿಟ್ಟರೆ ಹುಟ್ಟಲೇ ಇಲ್ಲ. ಪಕ್ಕದ ಕುಂಡದಲ್ಲಿ ಮೆಂತ್ಯ ಮಾತ್ರ ಚೆನ್ನಾಗಿ ಬಂದಿದೆ. ನನ್ನ ಕೈಗುಣ ಸರಿಯಿಲ್ಲವಾ?
– ಓದುಗರು, ದಾವಣಗೆರೆ

ಉತ್ತರ: ಮೆಂತ್ಯ ಬೆಳೆಸಿದ್ದೂ ಅದೇ ಕೈ ಅಲ್ವಾ? ಕೈಗುಣದ ಚಿಂತೆ ಬಿಡಿ. ಮೆಂತ್ಯ ಮೂರು-ನಾಲ್ಕು ದಿನಕ್ಕೆ ತಲೆ ಎತ್ತುತ್ತದೆ, ಕೊತ್ತಂಬರಿಗೆ 8ರಿಂದ 12 ದಿನ ಬೇಕು, ಕೆಲವು ಸಲ ಇನ್ನೂ ಜಾಸ್ತಿ. ಐದನೇ ದಿನಕ್ಕೇ ಮಣ್ಣು ಕೆದಕಿ ನೋಡಬೇಡಿ.

ಒಂದು ಕಾಳನ್ನು ಬೆರಳಲ್ಲಿ ಒತ್ತಿ ನೋಡಿ. ಎರಡು ಹೋಳಾಗುತ್ತದೆ. ನಾವು ಬೀಜ ಅನ್ನುವ ಆ ಗುಂಡು ಕಾಳಿನೊಳಗೆ ಇರುವುದು ಎರಡು ಬೀಜ, ಹೊರಗಿನ ಸಿಪ್ಪೆ ಗಟ್ಟಿ, ನೀರು ಒಳಗೆ ಹೋಗಲು ಹೊತ್ತು ಹಿಡಿಯುತ್ತದೆ. ಅದಕ್ಕೇ ಕಾಳನ್ನು ಪೇಪರ್ ಮೇಲೆ ಹರಡಿ ಲಟ್ಟಣಿಗೆಯಿಂದ ಮೆಲ್ಲಗೆ ಉಜ್ಜಬೇಕು. ಹೋಳಾದರೆ ಸಾಕು, ಪುಡಿಯಾಗಬಾರದು. ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ನೀರು ಬಸಿದು, ಅರ್ಧ ಇಂಚು ಆಳಕ್ಕೆ ಬಿತ್ತಿ. ಮೇಲೆ ಒದ್ದೆ ಗೋಣಿಚೀಲ ಹೊದಿಸಿ, ಮೊದಲ ಮೊಳಕೆ ಕಂಡ ದಿನವೇ ತೆಗೆದುಬಿಡಿ, ಇಲ್ಲದಿದ್ದರೆ ಸಸಿ ಬಿಳಿಚಿಕೊಂಡು ಉದ್ದುದ್ದ ಬೆಳೆದು ಬಿದ್ದುಹೋಗುತ್ತದೆ.

ಡಬ್ಬಿಯ ಕಾಳು ಈ ವರ್ಷದ್ದಾದರೆ ಆಗುತ್ತದೆ. ಹಳೆಯದಾದರೆ, ಹುರಿದದ್ದಾದರೆ ಸುಮ್ನೆ ಶ್ರಮ. ಬೀಜ ಕೊಳ್ಳುವುದಾದರೆ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಇಶಾ ತಳಿ ಕೇಳಿ ನೋಡಿ, ಅದನ್ನು ಕಿತ್ತು ಹಾಕದೆ ಮತ್ತೆ ಮತ್ತೆ ಕೊಯ್ಯಬಹುದು. ನಿಮ್ಮೂರಿನ ಏಪ್ರಿಲ್ ಬಿಸಿಲಿಗೆ ಕೊತ್ತಂಬರಿ ಸೊಪ್ಪು ಬಿಡುವ ಮೊದಲೇ ಹೂವಿಗೆ ಹೋಗುತ್ತದೆ. ಬೇಸಿಗೆಯಲ್ಲಿ ಬೆಳಗಿನ ಬಿಸಿಲು ಮಾತ್ರ ಬೀಳುವ ಕಡೆ ಇಡಿ. ಸಸಿ ಕಿತ್ತು ಬೇರೆ ಕಡೆ ನೆಡಬೇಡಿ, ಅದರ ಬೇರು ಅದನ್ನು ತಾಳುವುದಿಲ್ಲ.

ಪ್ರಶ್ನೆ: ತಾರಸಿಯ ಮೆಣಸಿನ ಗಿಡದ ಎಲೆಗಳೆಲ್ಲ ಮುದುಡಿವೆ. ಮುಟುರು ರೋಗ ಅಂತಾರೆ. ಗೊಬ್ಬರ ಜಾಸ್ತಿ ಹಾಕಲಾ?
– ಓದುಗರು, ಮೈಸೂರು

ಉತ್ತರ: ದಯವಿಟ್ಟು ಬೇಡ. ಮೊದಲು ಎಲೆ ಯಾವ ಕಡೆ ಮುದುಡಿದೆ ನೋಡಿ. ಅಂಚು ಮೇಲಕ್ಕೆ ಎದ್ದು ದೋಣಿಯ ಹಾಗಿದ್ದರೆ ಸಾಮಾನ್ಯವಾಗಿ ಥ್ರಿಪ್ಸ್ ಅನ್ನುವ ರಸ ಹೀರುವ ಪುಟ್ಟ ಕೀಟ. ಕೆಳಕ್ಕೆ ಬಾಗಿ, ತೊಟ್ಟು ಉದ್ದವಾಗಿ ಕಂಡರೆ ಮೈಟ್ ನುಸಿ. ತುದಿಯ ಚಿಗುರನ್ನು ಬಿಳಿ ಕಾಗದದ ಮೇಲೆ ತಟ್ಟಿ. ದಾರದ ಚೂರಿನ ಹಾಗೆ ಏನಾದರೂ ಓಡಾಡಿದರೆ ಅದೇ ಥ್ರಿಪ್ಸ್. ಮೈಟ್ ಬರಿಗಣ್ಣಿಗೆ ಕಾಣುವುದು ಕಷ್ಟ.

ಎರಡಕ್ಕೂ ಬೇವಿನೆಣ್ಣೆಯಿಂದ ಶುರು ಮಾಡಿ. ಲೀಟರ್ ನೀರಿಗೆ 5 ಮಿ.ಲೀ. ಎಣ್ಣೆ, ಅದು ಬೆರೆಯಲು ನಾಲ್ಕು ಹನಿ ಸೋಪಿನ ನೀರು. ಸಂಜೆ ಹೊತ್ತು ಎಲೆಯ ಅಡಿಭಾಗ ತೋಯುವಂತೆ ಸಿಂಪಡಿಸಿ, ವಾರಕ್ಕೊಮ್ಮೆ, ಮೂರು ವಾರ. ಆದರೆ ಗಿಡ ಕುಳ್ಳಾಗಿ, ಎಲೆ ಹಳದಿಯಾಗಿ, ಸುತ್ತ ಬಿಳಿ ನೊಣ ಹಾರುತ್ತಿದ್ದರೆ ಅದು ವೈರಸ್. ಅದಕ್ಕೆ ಔಷಧಿಯಿಲ್ಲ. ಎಷ್ಟೇ ಬೇಜಾರಾದರೂ ಕಿತ್ತು ಹಾಕಿ, ಪಕ್ಕದ ಗಿಡಗಳಾದರೂ ಉಳಿಯಲಿ.

ಪ್ರಶ್ನೆ: ಕರಿಬೇವಿನ ಎಲೆ ಮೇಲೆ ಹಕ್ಕಿ ಹಿಕ್ಕೆ ಹಾಕಿದಂತಿದೆ. ಎಲೆಗಳು ಖಾಲಿಯಾಗುತ್ತಿವೆ.
– ಓದುಗರು, ಶಿರಸಿ

ಉತ್ತರ: ಕಡ್ಡಿಯಿಂದ ಮುಟ್ಟಿ ನೋಡಿ, ಅಲುಗಾಡುತ್ತದೆ! ಅದು ಚಿಟ್ಟೆಯ ಮರಿಹುಳ, ಹಕ್ಕಿಗಳಿಂದ ಉಳಿಯಲು ಹಾಗೆ ಕಾಣುತ್ತದೆ. ದೊಡ್ಡದಾದಾಗ ಹಸಿರಾಗುತ್ತದೆ. ವಿಷ ಹೊಡೆಯಬೇಡಿ, ನಾಳೆ ಅದೇ ಎಲೆ ಸಾರಿನ ಒಗ್ಗರಣೆಗೆ ಬೀಳುತ್ತದೆ. ಗಿಡ ದೊಡ್ಡದಾಗಿದ್ದರೆ ಹತ್ತಾರು ಎಲೆ ಹೋದರೂ ಮತ್ತೆ ಚಿಗುರುತ್ತದೆ. ಸಣ್ಣ ಗಿಡವಾದರೆ ಹುಳಗಳನ್ನು ಎಲೆ ಸಮೇತ ಎತ್ತಿ ಹಿತ್ತಲಿನ ನಿಂಬೆ ಗಿಡಕ್ಕೆ ಬಿಡಿ. ಅದನ್ನೂ ತಿಂದು ಬೆಳೆಯುತ್ತವೆ.